ಮೇ ತಿಂಗಳ ಫಿಯಟ್

ದೊಡ್ಡನೆಕ್ಕುಂದಿಯ ಹಳೇ ಊರಿನಲ್ಲಿ ಮಾರಕ್ಕನಿಗೆ ಒಳ್ಳೆಯ ಹೆಸರಿತ್ತು. ಗಂಡ ಹನುಮಯ್ಯನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು, ಮಾತು ಮೂರೂ ಬಿದ್ದುಹೋದ ಮೇಲೆ ಅವಳು ಅವನನ್ನು ನೋಡಿಕೊಳ್ಳುತ್ತಿದ್ದ ರೀತಿ ಕಂಡು ಬೀದಿಯ ಹೆಂಗಸರು ತಮ್ಮ ಸೊಸೆಯಂದಿರಿಗೆ ಬುದ್ಧಿ ಹೇಳುತ್ತಿದ್ದರು. ಹೊತ್ತಿಗೆ ಸರಿಯಾಗಿ ಗಂಜಿ, ದಿನಾ ಬಿಸಿನೀರಿನ ಸ್ನಾನ, ಒಗೆದು ಮಡಿಸಿಟ್ಟ ಪಂಚೆ. ಮಲಗಿದಲ್ಲೇ ಇರುವವನ ಬೆನ್ನಿನ ಮೇಲೆ ಒಂದು ಹುಣ್ಣಿಲ್ಲ. ಬದಲಾಗಿದ್ದದ್ದು ಒಂದೇ, ಅದು ಗೊತ್ತಿದ್ದದ್ದೂ ಆ ಇಬ್ಬರಿಗೇ. ಮದುವೆಯಾದಂದಿನಿಂದ ಗಂಡನನ್ನು 'ನೀವು' ಎಂದೇ ಮಾತಾಡಿಸುತ್ತಿದ್ದವಳು ಈಗ ಬಾಗಿಲು ಮುಚ್ಚಿದ ಮೇಲೆ 'ನೀನು' ಎನ್ನುತ್ತಿದ್ದಳು.

ಮನೆಯ ಪಕ್ಕದ ಶೀಟಿನ ಶೆಡ್ಡಿನಲ್ಲಿ ಕೆನೆ ಬಣ್ಣದ ಫಿಯಟ್ ಕಾರಿತ್ತು. ಹಿಂದೆ ಹೊಲವೆಲ್ಲ ಫ್ಯಾಕ್ಟರಿಗಳಿಗೆ ಹೋಗಿ ಪರಿಹಾರ ಬಂದಾಗ ಊರಿನ ಉಳಿದವರು ಬಾಡಿಗೆ ಮನೆ ಕಟ್ಟಿಸಿದರೆ ಹನುಮಯ್ಯ ಮೊದಲು ಕಾರು ತಂದ. ಬೆಳಗಾದರೆ ತಾನೇ ನೀರು ಹೊತ್ತು ತೊಳೆಯುವನು, ಹಳೇ ಪಂಚೆಯಲ್ಲಿ ಒರೆಸುವನು. ಶೆಡ್ಡಿನ ಹತ್ತಿರ ಕೋಳಿ ಸುಳಿದರೂ ಕಲ್ಲು ಬೀಸುವನು. ಮಾರಕ್ಕ ಹಿಂದಿನ ಸೀಟಿನಲ್ಲಿ ಕೂತದ್ದುಂಟು, ಕಾಲು ತೊಳೆದುಕೊಂಡು, ಹಾಸಿದ ಟವಲ್ಲಿನ ಮೇಲೆ. ಮುಂದಿನ ಸೀಟಿನಲ್ಲಿ ಒಮ್ಮೆಯೂ ಇಲ್ಲ.

ಅವಳಿಗೆ ದಿನ ತುಂಬಿದ್ದಾಗ ಒಂದು ಮುಸ್ಸಂಜೆ ನೋವು ಶುರುವಾಯಿತು. ಮಗು ಅಡ್ಡ ತಿರುಗಿದೆ, ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ ಎಂದಳು ಸೂಲಗಿತ್ತಿ. ಹೆಂಗಸರು ತೋಳು ಹಿಡಿದು ಅವಳನ್ನು ಶೆಡ್ಡಿನವರೆಗೆ ನಡೆಸಿಕೊಂಡು ಬಂದರು. ಹನುಮಯ್ಯ ಕಾರಿನ ಬಾಗಿಲಿಗೆ ಅಡ್ಡ ನಿಂತ. "ಸೀಟೆಲ್ಲ ರಕ್ತ ಆಯ್ತದೆ. ತಡೀರಿ, ಬೇರೆ ಗಾಡಿ ಏನಾರ ಸಿಕ್ತದಾ ನೋಡ್ಕಬತ್ತೀನಿ" ಎಂದು ಹೋದ. ಅವನು ತಿರುಗಿ ಬಂದದ್ದು ಕತ್ತಲಾದ ಮೇಲೆ, ಇಟ್ಟಿಗೆ ಸಾಗಿಸುವ ಟ್ರ್ಯಾಕ್ಟರಿನ ಜೊತೆ. ಮಾರತಹಳ್ಳಿ ದಾಟುವಷ್ಟರಲ್ಲಿ ಟ್ರೈಲರಿನ ಇಟ್ಟಿಗೆ ಪುಡಿಯ ಮೇಲೆ ಹೆಣ್ಣು ಮಗು ಹುಟ್ಟಿತು. ಅಳಲಿಲ್ಲ. ಆಸ್ಪತ್ರೆಯಲ್ಲಿ ಮಾರಕ್ಕನ ಜೀವ ಉಳಿಸಲು ಗರ್ಭಕೋಶ ತೆಗೆದರು. ಅವಳು ಮನೆಗೆ ಬಂದ ದಿನ ಹನುಮಯ್ಯ ಕಾರು ತೊಳೆಯುತ್ತಿದ್ದ.

ಆ ಮಾತನ್ನು ಅವನು ಎಂದೂ ಎತ್ತಲಿಲ್ಲ. ಅವಳೂ ಎತ್ತಲಿಲ್ಲ. ಮೂವತ್ತು ವರ್ಷ ಅವನಿಗೆ ಮುದ್ದೆ ಬಡಿಸಿದಳು.

ಮಹಡಿಯ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಶೈಲಶ್ರೀ ರಿಂಗ್ ರೋಡಿನ ಸಾಫ್ಟ್‌ವೇರ್ ಕಂಪನಿಯವಳು. ಹಳೇ ಕಾರುಗಳೆಂದರೆ ಹುಚ್ಚು. ವೈಟ್‌ಫೀಲ್ಡ್ ಕಡೆಯ ಅಂಥದೇ ಹುಚ್ಚಿನವರೆಲ್ಲ ಸೇರಿ ಒಂದು ಕ್ಲಬ್ಬು ಮಾಡಿಕೊಂಡಿದ್ದರು. ಹೊಸ ವರ್ಷಕ್ಕೆ ತಿಂಗಳಿಗೊಂದು ಕಾರಿನ ಫೋಟೋ ಹಾಕಿ ಕ್ಯಾಲೆಂಡರ್ ತರುವ ಜವಾಬ್ದಾರಿ ಆ ಸಲ ಅವಳ ಮೇಲೆ ಬಿದ್ದಿತ್ತು. ಒಂದು ಭಾನುವಾರ ಕೆಳಗಿಳಿದು ಬಂದಳು.

"ಅಜ್ಜಿ, ನಿಮ್ ಶೆಡ್ಡಲ್ಲಿರೋ ಫಿಯಟ್ ನಮ್ ಕ್ಯಾಲೆಂಡರಿಗೆ ಕೊಡ್ತೀರಾ? ಒಂದಿನ ಫೋಟೋ ತೆಗೆಯೋಕಷ್ಟೆ. ತುಂಬಾ ಹುಷಾರಾಗಿ ನೋಡ್ಕೋತೀವಿ. ಬರಿಗೈಲಿ ಮುಟ್ಟಲ್ಲ ಬೇಕಾದ್ರೆ."

ಬರಿಗೈಲಿ ಮುಟ್ಟುವುದಿಲ್ಲ ಎಂಬ ಮಾತು ಕೇಳಿ ಮಾರಕ್ಕನಿಗೆ ನಗು ಬಂತು. ಊರಿಗೆಲ್ಲ ಒಬ್ಬನೇ ಹನುಮಯ್ಯ ಅಂದುಕೊಂಡಿದ್ದಳು. ಇವರದ್ದು ಒಂದು ಸಂಘವೇ ಇದೆ.

"ತಕ್ಕೊಂಡೋಗವ್ವ. ಅದುಕ್ಕೇನಂತೆ," ಎಂದಳು.

ಮುಂದಿನ ಭಾನುವಾರ ಕ್ಲಬ್ಬಿನ ಹುಡುಗರು ಬಂದು ಕಾರನ್ನು ತಳ್ಳಿ ಅಂಗಳಕ್ಕೆ ತಂದರು. ಮೆತ್ತನೆಯ ಬಟ್ಟೆಯಲ್ಲಿ ಒರೆಸಿದರು. ಕೆನೆ ಬಣ್ಣ ಮತ್ತೆ ಹೊಳೆಯಿತು. ಮಾರಕ್ಕ ಗಂಡನನ್ನು ಎತ್ತಿಸಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕಾರಿನ ಪಕ್ಕ ಕೂರಿಸಿದಳು. ಹನುಮಯ್ಯ ಎಡಗೈ ಚಾಚಿ ಬಾನೆಟ್ಟನ್ನು ಸವರಿದ. ಸೊಟ್ಟಗಾದ ಬಾಯಿಯ ಒಂದು ಕಡೆ ಮೇಲೆದ್ದಿತು. ಅದು ನಗು ಎಂದು ಮಾರಕ್ಕನಿಗೆ ಗೊತ್ತಾಯಿತು. ತನಗೆಂದು ಅಂಥ ನಗು ಅವಳು ಕಂಡಿರಲಿಲ್ಲ. ಶೈಲಶ್ರೀ ಅದನ್ನು ತನ್ನ ಕ್ಯಾಮೆರಾದಲ್ಲಿ ಹಿಡಿದಳು.

ಆದರೆ ಕ್ಲಬ್ಬು ಗೊತ್ತುಮಾಡಿದ್ದ ಫೋಟೋಗ್ರಾಫರ್ ಪರಮಾನಂದನಿಗೆ ಸಮಾಧಾನವಿರಲಿಲ್ಲ. ಉಳಿದ ಹನ್ನೊಂದು ಕಾರುಗಳನ್ನು ಗಾಜಿನ ಕಟ್ಟಡಗಳ ಮುಂದೆ, ಕ್ಲಬ್‌ಹೌಸುಗಳ ಮುಂದೆ ನಿಲ್ಲಿಸಿ ತೆಗೆದು ಅವನಿಗೆ ಸಾಕಾಗಿತ್ತು.

"ಇದೂ ಶೋರೂಮ್ ಥರಾನೇ ಕಾಣ್ತಿದೆ ಗುರು. ಹಳ್ಳಿ ಮನೆ ಕಾರು, ಹಳ್ಳಿ ಥರ ಇರ್ಬೇಕು. ಸ್ವಲ್ಪ ಹುಲ್ಲು, ಒಂದು ಮೇಕೆ, ಮಣ್ಣಲ್ಲಿ ಓಡಿಸ್ಕೊಂಡ್ ಬಂದಂಗೆ ಕೆಸರು..."

"ಮಚ್ಚಾ, ಒರಿಜಿನಲ್ ಪೇಂಟ್ ಅದು!" ಎಂದ ಕ್ಲಬ್ಬಿನವನೊಬ್ಬ, ತನ್ನ ಕರುಳಿಗೇ ಯಾರೋ ಕೈ ಹಾಕಿದಂತೆ. ಶೈಲಶ್ರೀಯೂ ಬೇಡವೆಂದು ತಲೆಯಾಡಿಸಿದಳು.

ಮಾರಕ್ಕ ಎಲ್ಲವನ್ನೂ ಕೇಳಿಸಿಕೊಂಡಳು. ಹಿತ್ತಲಿಗೆ ಹೋಗಿ, ಬಕೆಟ್ಟಿನಲ್ಲಿ ಮಣ್ಣಿಗೆ ನೀರು ಸುರಿದು ಕಲೆಸಿಕೊಂಡು ಬಂದಳು. ಯಾರೂ ತಡೆಯುವ ಮೊದಲೇ ಎರಡೂ ಕೈಯಲ್ಲಿ ಬಾಚಿ ಬಾಗಿಲ ಮೇಲೆ ಎರಚಿದಳು.

"ಅಜ್ಜಿ!"

"ನಮ್ ಕಾರಲ್ವೇನವ್ವ? ತೊಳುದ್ರೆ ಓಯ್ತದೆ," ಎಂದು ಇನ್ನೊಂದು ಬೊಗಸೆ ಎರಚಿದಳು. ಆ ಕೆಸರಿನ ತಂಪು ಅವಳ ಮೊಣಕೈವರೆಗೆ ಹಿತವಾಗಿ ಹತ್ತಿತು. ಆಮೇಲೆ ಪಕ್ಕದ ಮನೆಯ ರಾಮಮ್ಮನ ಹತ್ತಿರ ಒಂದು ಹೊರೆ ರಾಗಿ ಹುಲ್ಲು ಕೇಳಿ ತಂದಳು, ಅವಳ ಗಬ್ಬದ ಮೇಕೆಯನ್ನೂ ಎಳೆದುಕೊಂಡು ಬಂದಳು. ಹುಲ್ಲು ಹಿಂದಿನ ಸೀಟಿಗೆ ಹೋಯಿತು, ಮೇಕೆಯೂ ಹೋಯಿತು. ಪರಮಾನಂದ ಕುಣಿಯುವುದೊಂದು ಬಾಕಿ.

"ಸಕ್ಕತ್ ಅಜ್ಜಿ! ಈಗ ನೀವೇ ಸ್ಟೇರಿಂಗ್ ಮುಂದೆ ಕೂತ್ಕೊಳ್ಳಿ."

ಮಾರಕ್ಕ ಕೆಸರಿನ ಕಾಲಲ್ಲೇ ಹತ್ತಿ ಕೂತಳು. ಮೇಕೆ ಬೆದರಿ ಸೀಟಿನ ಮೇಲೆ ಉಚ್ಚೆ ಹೊಯ್ಯಿತು. ಆ ಸದ್ದು ಬೆನ್ನ ಹಿಂದೆ ಕೇಳಿಸಿ ಅವಳಿಗೆ ನಗು ತಡೆಯಲಾಗಲಿಲ್ಲ. ಕ್ಯಾಮೆರಾ ಕ್ಲಿಕ್ಕಿಸುತ್ತಲೇ ಇತ್ತು. ಕುರ್ಚಿಯಲ್ಲಿ ಹನುಮಯ್ಯ "ಬ್ಬ... ಬ್ಬ..." ಎಂದು ಒರಲುತ್ತಿದ್ದ. ಕಣ್ಣಿನಿಂದ ನೀರು ಇಳಿದು ಗಡ್ಡಕ್ಕೆ ಸೇರುತ್ತಿತ್ತು.

"ಪಾಪ, ತಾತಂಗೆ ಎಷ್ಟು ಖುಷಿಯಾಗಿದೆ ನೋಡಿ," ಎಂದ ಪರಮಾನಂದ.

"ಊಂ ಕಣಪ್ಪ," ಎಂದಳು ಮಾರಕ್ಕ ಗಂಡನ ಕಣ್ಣನ್ನೇ ನೋಡುತ್ತ. "ಬೋ ಕುಸಿ ಆಗೈತೆ."

ಆ ದಿನ ಅವಳು ಹೊಟ್ಟೆ ತುಂಬ ಉಂಡಳು. ಕಾರನ್ನು ತೊಳೆದು ಕೊಡುತ್ತೇವೆ ಎಂದು ಹುಡುಗರು ಬಕೆಟ್ಟು ಎತ್ತಿಕೊಂಡರೆ, ನಾನೇ ತೊಳೆಯುತ್ತೇನೆ ಎಂದು ಕಳಿಸಿಬಿಟ್ಟಳು. ತೊಳೆಯಲಿಲ್ಲ.

ಅಚ್ಚಿಗೆ ಹೋಗುವ ಮುಂಚೆ ಶೈಲಶ್ರೀ ಪೀಣ್ಯದ ಪ್ರೆಸ್ಸಿನಿಂದ ಎರಡು ಹಾಳೆ ತಂದಳು. ಒಂದರಲ್ಲಿ ಹೊಳೆಯುವ ಕಾರು, ಬಾನೆಟ್ಟಿನ ಮೇಲೆ ಕೈಯಿಟ್ಟ ಹನುಮಯ್ಯ. ಇನ್ನೊಂದರಲ್ಲಿ ಕೆಸರು, ಹುಲ್ಲು, ಕಿಟಕಿಯಿಂದ ಮುಖ ಹೊರಗಿಟ್ಟ ಮೇಕೆ, ಸ್ಟೇರಿಂಗ್ ಹಿಡಿದು ಬಾಯಿತುಂಬ ನಗುವ ಮಾರಕ್ಕ.

"ಪರಮಾನಂದ ಮೇಕೆದೇ ಬೇಕು ಅಂತಿದ್ದಾನೆ. ನಂಗೆ ತಾತಂದೇ ಇಷ್ಟ ಅಜ್ಜಿ. ಅದ್ರಲ್ಲಿ ಅವರ ಮುಖ ನೋಡಿ. ತಾತನ್ನೇ ಕೇಳಿ, ಅವರು ಯಾವ್ದು ಹೇಳ್ತಾರೋ ಅದೇ ಫೈನಲ್."

ಮಾರಕ್ಕ ಹಾಳೆಗಳನ್ನು ಒಳಗೆ ಒಯ್ದು ಗಂಡನ ಮುಖದ ಮುಂದೆ ಹಿಡಿದಳು. ಹನುಮಯ್ಯನ ಎಡಗೈ ಎದ್ದು ಮೊದಲನೆಯದನ್ನು ಮುಟ್ಟಿತು. ತಪ್ಪಿ ಮುಟ್ಟಿರಬಹುದೇ ಎಂದು ಅವಳು ಹಾಳೆಗಳನ್ನು ಅದಲುಬದಲು ಮಾಡಿ ಹಿಡಿದಳು. ಕೈ ಅದನ್ನೇ ಹುಡುಕಿಕೊಂಡು ಹೋಯಿತು.

ಅವಳು ಹೊರಗೆ ಬಂದಳು. "ಮೇಕೇದೇ ಆಕ್ಸು ಅಂದ್ರು ಕಣವ್ವ."

ಶೈಲಶ್ರೀ ಫೋನಿನಲ್ಲಿ ಗುರುತು ಹಾಕಿಕೊಂಡಳು. "ಸರಿ ಅಜ್ಜಿ. ಕೆಳಗೆ ಮಾಲೀಕರ ಹೆಸರು ಹಾಕ್ತೀವಿ. ಹನುಮಯ್ಯ ಅಂತ ತಾನೆ?"

"ಮಾರಕ್ಕ ಅಂತ ಆಕು."

ಶೈಲಶ್ರೀಯಿಂದ ಕೇಳಿ ಇಟ್ಟುಕೊಂಡ ಮೊದಲನೆಯ ಹಾಳೆಯನ್ನು ಮಾರನೆಯ ಬೆಳಿಗ್ಗೆ ಬಚ್ಚಲ ಒಲೆಗೆ ಹಾಕಿದಳು. ದಪ್ಪ ಕಾಗದ, ಚೆನ್ನಾಗಿ ಉರಿಯಿತು. ಅದರಿಂದ ಕಾದ ನೀರಿನಲ್ಲೇ ಗಂಡನಿಗೆ ಸ್ನಾನ ಮಾಡಿಸಿದಳು.

ಡಿಸೆಂಬರಿನಲ್ಲಿ ಕ್ಯಾಲೆಂಡರ್ ಬಂತು. ಅವರ ಕಾರಿಗೆ ಮೇ ತಿಂಗಳು ಸಿಕ್ಕಿತ್ತು. ಮಾರಕ್ಕ ಏಪ್ರಿಲ್ ತನಕದ ಹಾಳೆಗಳನ್ನು ಹಿಂದಕ್ಕೆ ಮಡಿಸಿ, ಮಂಚದ ಎದುರಿನ ಗೋಡೆಗೆ ಮೊಳೆ ಹೊಡೆದು ತೂಗುಹಾಕಿದಳು. ಹನುಮಯ್ಯ ಮುಖ ತಿರುಗಿಸಿದ. ಅವಳು ರಾಮಮ್ಮನನ್ನು ಕರೆದಳು, ಇಬ್ಬರೂ ಸೇರಿ ಮಂಚವನ್ನೇ ತಿರುಗಿಸಿದರು. ಈಗ ಅವನು ಎಡಕ್ಕೆ ಹೊರಳಿದರೂ ಕ್ಯಾಲೆಂಡರೇ ಕಾಣುತ್ತಿತ್ತು, ಬಲಕ್ಕೆ ಹೊರಳಲು ಅವನಿಂದ ಆಗುತ್ತಿರಲಿಲ್ಲ. ನೋಡಲು ಬಂದವರನ್ನೆಲ್ಲ ಅವಳು ಮಂಚದ ಪಕ್ಕ ನಿಲ್ಲಿಸಿಕೊಳ್ಳುವಳು. "ಓದ್ರಪ್ಪ, ಯಾರ್ ಎಸ್ರೈತೆ? ಜೋರಾಗಿ ಓದ್ರಿ, ಇವ್ರಿಗೂ ಕೇಳ್ಲಿ." ಬಂದವರು ಓದುವರು, ಮೇಕೆಯನ್ನು ನೋಡಿ ನಗುವರು, ಇಂಥ ಹೆಂಡತಿ ಸಿಗಲು ಪುಣ್ಯ ಮಾಡಿರಬೇಕು ಎಂದು ಹನುಮಯ್ಯನ ಭುಜ ತಟ್ಟಿ ಹೋಗುವರು.

ಸಂಕ್ರಾಂತಿ ಕಳೆದು ಕೆಲವು ದಿನಗಳಾಗಿದ್ದವು. ಗೋಡೆಯ ಮೊಳೆ ಸಡಿಲವಾಗಿ ಕ್ಯಾಲೆಂಡರ್ ಮಂಚದ ಮೇಲೆ ಬಿದ್ದಿತ್ತು. ಮಾರಕ್ಕ ಒಳಗೆ ಬಂದಾಗ ಹನುಮಯ್ಯ ಅದನ್ನು ಎದೆಯ ಮೇಲೆಳೆದುಕೊಂಡು, ಬೆರಳನ್ನು ನಾಲಿಗೆಗೆ ತಾಗಿಸಿ, ಚಿತ್ರದ ಮೇಲೆ ಉಜ್ಜುತ್ತಿದ್ದ. ಹರಿದುಹಾಕುತ್ತಿದ್ದಾನೆ ಎಂದುಕೊಂಡು ಹತ್ತಿರ ಹೋಗಿ ನೋಡಿದಳು. ಹರಿಯುತ್ತಿರಲಿಲ್ಲ. ಕೆಸರು ಒರೆಸುತ್ತಿದ್ದ. ಬಾಗಿಲ ಮೇಲಿನ ಕೆಸರು ಬೆಳ್ಳಗಾಗುವ ತನಕ ಉಜ್ಜಿದ್ದ. ಮೇಕೆಯ ಮುಖ ಹೋಗಿತ್ತು. ಈಗ ಬೆರಳು ಸ್ಟೇರಿಂಗಿನ ಹಿಂದೆ ಕೂತವಳ ಮೇಲೆ ಓಡಾಡುತ್ತಿತ್ತು, ಸಿಟ್ಟಿಲ್ಲದೆ, ಅವಸರವಿಲ್ಲದೆ. ಅವಳ ಅರ್ಧ ಮುಖ ಕಾಗದದ ನಾರಾಗಿ ಎದ್ದು ಬಂದಿತ್ತು.

ಮಾರಕ್ಕ ಅದನ್ನು ಕಿತ್ತುಕೊಂಡಳು.

"ಯಾಕ್ ಇಂಗ್ ಮಾಡ್ತಾವ್ಳೆ ಇವ್ಳು ಅಂತ ಒಂದು ದಿನಾನಾರ ಯೋಚ್ನೆ ಮಾಡ್ದಾ?" ಎಂದಳು. ದನಿ ಅವಳದ್ದೆಂದು ಅವಳಿಗೇ ಅನ್ನಿಸಲಿಲ್ಲ. "ಗೊತ್ತೈತಾ ನಿಂಗೆ?"

ಮಾತು ಹೋಗಿದ್ದರೂ ಹೌದು, ಇಲ್ಲ ಎಂದು ತಲೆಯಾಡಿಸುವುದು ಅವನಿಗೆ ಬರುತ್ತಿತ್ತು. ಹನುಮಯ್ಯ ಇಲ್ಲವೆಂದು ತಲೆಯಾಡಿಸಿದ.

ಅವಳು ಮಂಚದ ಅಂಚಿನಲ್ಲಿ ಕೂತು ಹೇಳಿದಳು. ಮುಸ್ಸಂಜೆಯ ನೋವು, ಸೂಲಗಿತ್ತಿಯ ಮಾತು, ಅವನು ಬಾಗಿಲಿಗೆ ಅಡ್ಡ ನಿಂತದ್ದು, ಇಟ್ಟಿಗೆ ಪುಡಿ, ಅಳದ ಹೆಣ್ಣು ಕೂಸು. ಯಾರಿಗೂ ಹೇಳದೆ ಇಟ್ಟುಕೊಂಡಿದ್ದು ಬಾಯಿಗೆ ಬಂದಾಗ ಇಷ್ಟು ಚಿಕ್ಕದಾಗಿಬಿಡುತ್ತದೆ ಎಂದು ಅವಳಿಗೆ ತಿಳಿದಿರಲಿಲ್ಲ. ಹೇಳಿ ಮುಗಿಸಿ, "ನೆನಪೈತಾ?" ಎಂದಳು.

ಅವನು ಅವಳ ಮುಖವನ್ನು ಬಹಳ ಹೊತ್ತು ನೋಡಿದ. ನಿಜವಾಗಿಯೂ ಹುಡುಕುವವನ ಕಣ್ಣು ಅದು. ಆಮೇಲೆ ಇಲ್ಲವೆಂದು ತಲೆಯಾಡಿಸಿದ.

ಕಾಯಿಲೆ ಅಳಿಸಿಹಾಕಿತೋ, ಅದಕ್ಕೂ ಮುಂಚೆಯೇ ಮರೆತಿದ್ದನೋ, ಹೇಳುವವರು ಯಾರು? ಮಾರಕ್ಕ ಒಲೆಯ ಮುಂದೆ ಹೋಗಿ ಕೂತಳು. ಅಂದು ಗಂಜಿ ತಡವಾಯಿತು, ಮೊದಲ ಸಲ.

ಮಾರನೆಯ ದಿನ ಶೈಲಶ್ರೀಯ ಹತ್ತಿರ ಹೋಗಿ, "ಇನ್ನೊಂದಿದ್ರೆ ಕೊಡವ್ವ, ಅದು ಅರ್ದೋಯ್ತು," ಎಂದು ಹೊಸ ಕ್ಯಾಲೆಂಡರ್ ತಂದು, ಅವನ ಕೈಗೆಟುಕದಷ್ಟು ಎತ್ತರಕ್ಕೆ ಹಾಕಿದಳು. ಆದರೆ ಅದರ ರುಚಿ ಹೋಗಿತ್ತು. ಏನು ಮಾಡಿದ್ದಕ್ಕೆಂದು ಗೊತ್ತಿಲ್ಲದವನನ್ನು ನೋಯಿಸುವುದೆಂದರೆ ಮೇಕೆಯನ್ನು ಹೊಡೆದಂತೆ. ಅವನಿಗೆ ಗೊತ್ತಾಗಬೇಕಿತ್ತು. ಅದಕ್ಕೆ ದಿನಾ ಸ್ನಾನ ಮಾಡಿಸುವಾಗ ಹೇಳತೊಡಗಿದಳು. ಬಚ್ಚಲ ಕಲ್ಲಿನ ಮೇಲೆ ಬೆತ್ತಲೆ ಕೂರಿಸಿ, ಮೊದಲಿನಿಂದ ಕೊನೆಯವರೆಗೆ, ಒಂದು ಮಾತಿಗೆ ಒಂದು ಚೊಂಬು ನೀರು. ಕೊನೆಯಲ್ಲಿ ಅದೇ ಪ್ರಶ್ನೆ. ಅವನು ತಲೆಯಾಡಿಸಿದರೆ ಮತ್ತೆ ಶುರು. ಹಂಡೆಯ ನೀರು ತೀರಿದರೆ ಕೊಳಾಯಿಯ ತಣ್ಣೀರು. ಅವನ ತುಟಿ ನೀಲಿಯಾಗುತ್ತಿತ್ತು. ಹೊರಗೆ ಬೀದಿಯಲ್ಲಿ ಹೋಗುವವರಿಗೆ ನೀರಿನ ಸದ್ದು ಕೇಳಿಸುತ್ತಿತ್ತು. ಮಾರಕ್ಕ ಎಷ್ಟು ಹೊತ್ತು ಉಜ್ಜಿ ತೊಳೆಯುತ್ತಾಳಪ್ಪ ಎಂದುಕೊಳ್ಳುತ್ತಿದ್ದರು.

ಶಿವರಾತ್ರಿಯ ಹೊತ್ತಿಗೆ ಒಂದು ಬೆಳಿಗ್ಗೆ, "ನೆನಪೈತಾ?" ಎಂದಾಗ ಹನುಮಯ್ಯ ಹೌದೆಂದು ತಲೆಯಾಡಿಸಿದ.

ಮಾರಕ್ಕನ ಕೈಯ ಚೊಂಬು ಅಲ್ಲೇ ನಿಂತಿತು. ಬಗ್ಗಿ ಅವನ ಮುಖದ ಹತ್ತಿರ ಮುಖ ತಂದಳು.

"ನೆನಪೈತಾ? ದಿಟವಾಗ್ಲೂ?"

ಹೌದು.

"ಗಂಡು ಮಗ ಅಲ್ವಾ?"

ಹನುಮಯ್ಯ ಚೊಂಬನ್ನು ನೋಡುತ್ತ, ನಡುಗುತ್ತ, ಹೌದು ಹೌದೆಂದು ಜೋರಾಗಿ ತಲೆಯಾಡಿಸಿದ.

ಅವಳು ನೆಟ್ಟಗಾದಳು. ಚೊಂಬಿನಲ್ಲಿ ಉಳಿದ ತಣ್ಣೀರನ್ನು ಅವನ ನೆತ್ತಿಯ ಮೇಲೆ ನಿಧಾನವಾಗಿ ಸುರಿದು, ಟವಲ್ಲು ತರಲು ಒಳಗೆ ಹೋದಳು.