ಹರಿದ ಅಂಚು

ಹುಣಸೂರಿನ ಬಜಾರು ರಸ್ತೆಯಲ್ಲಿ ಒಂದು ಕಾಲಕ್ಕೆ ಉಮಾಶಂಕರ ಬರೆಯದ ಬೋರ್ಡೇ ಇರಲಿಲ್ಲ. ಬಟ್ಟೆ ಅಂಗಡಿ, ಹಲ್ಲಿನ ಡಾಕ್ಟರು, ಕೋಳಿ ಅಂಗಡಿ, ಎಲ್ಲರ ಹೆಸರೂ ಅವನ ಬ್ರಷ್ಷಿನಿಂದಲೇ ಬಂದದ್ದು. ಸುಣ್ಣ ಬಳಿದ ದಾರವನ್ನು ಹಲಗೆಯ ಮೇಲೆ ಬಿಗಿಯಾಗಿ ಎಳೆದು ಮೀಟಿದರೆ ಬೀಳುವ ಗೆರೆಯಷ್ಟು ನೇರ ಅವನ ಅಕ್ಷರ. ಎರಡು ಸಾವಿರದ ಆರರ ಸುಮಾರಿಗೆ ಮೈಸೂರಿನಿಂದ ಫ್ಲೆಕ್ಸ್ ಬಂತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಬೋರ್ಡು, ಜೊತೆಗೆ ಅಂಗಡಿಯವನ ಫೋಟೋ ಬೇರೆ. ಗಿರಾಕಿಗಳು ಜಗಳವಾಡಿ ಬಿಟ್ಟುಹೋಗಲಿಲ್ಲ. ದಾರಿಯಲ್ಲಿ ಸಿಕ್ಕಾಗ ನಗುನಗುತ್ತಲೇ ಮಾತಾಡಿಸಿ, ಕೆಲಸ ಮಾತ್ರ ಬೇರೆ ಕಡೆ ಕೊಟ್ಟರು.

ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ಸುಮ್ಮನೆ ಕೂರಲಾರದೆ ಅವನು ಕೈಗೆ ಸಿಕ್ಕಿದ್ದನ್ನು ಅಂಟಿಸತೊಡಗಿದ. ಟಾಕೀಸಿನ ಗೋಡೆಯಿಂದ ಪದರಪದರವಾಗಿ ಕಿತ್ತುಬರುತ್ತಿದ್ದ ಸಿನಿಮಾ ಪೋಸ್ಟರು, ಹೊಗೆಸೊಪ್ಪು ಕಟ್ಟಿದ್ದ ಗೋಣಿ, ಬಸ್ ಟಿಕೆಟ್ಟು, ಅದರ ಮೇಲೆ ಡಬ್ಬಿಯ ತಳದಲ್ಲಿ ಉಳಿದ ಎನಾಮಲ್ ಬಣ್ಣ. ಹೆಂಡತಿ ಬಸವಮ್ಮ, "ಇದೇನ್ರೀ, ಊರ್ ಕಸ್ವೆಲ್ಲಾ ಮನೆ ಒಳಕ್ಕೆ ತತ್ತಾ ಇದ್ದೀರಿ" ಎನ್ನುತ್ತಿದ್ದಳು. ಮೈದಾ ಗೋಂದು ಕಾಯಿಸಿ ಕೊಡುತ್ತಿದ್ದವಳೂ ಅವಳೇ.

ಬಸ್ ಸ್ಟ್ಯಾಂಡಿನ ಹಿಂದೆ ಸೈಬರ್ ಇಟ್ಟಿದ್ದ ಕನಕರಾಜು ಅವನ ಜೊತೆ ಹೈಸ್ಕೂಲಿನಲ್ಲಿ ಓದಿದವನು. ಒಂದು ದಿನ ಮನೆಗೆ ಬಂದು ಗೋಡೆಗೆ ಒರಗಿಸಿಟ್ಟ ಚಿತ್ರಗಳನ್ನು ನೋಡಿದ.

"ಲೇ ಉಮಾ, ಇಂಗೆ ಒರಗಿಸಿಟ್ರೆ ಗೆದ್ಲು ನೋಡ್ತದೆ ಅಷ್ಟೇಯ. ಬ್ಲಾಗ್ ಮಾಡ್ಲಾ."

"ನಮ್ಮಂಥೋರ್ದ ಯಾರ್ ನೋಡ್ತಾರೆ, ಬುಡು."

ಕನಕರಾಜು ಬಿಡಲಿಲ್ಲ. ತಾನೇ ಫೋಟೋ ತೆಗೆದ, ಕನ್ನಡ ಟೈಪ್ ಮಾಡುವುದನ್ನು ಕಲಿಸಿದ, 'ಗೋಡೆ ಬರಹ' ಎಂದು ಹೆಸರಿಟ್ಟ.

ಸ್ವಲ್ಪ ದಿನಕ್ಕೆ ಮೊದಲ ಕಾಮೆಂಟು ಬಂತು. ಸಾಲಿಗ್ರಾಮದ ಶಾಂಭವಿ ಎನ್ನುವವರದು. "ಎಡಗಡೆಯ ಕೆಂಪು ಬಹಳ ಕಿರುಚುತ್ತಿದೆ. ಪಕ್ಕದಲ್ಲಿ ಒಂದು ಚೂರು ಗೋಣಿ ಅಂಟಿಸಿ ನೋಡಿ." ಉಮಾಶಂಕರನಿಗೆ ಮೊದಲು ಸಿಟ್ಟೇ ಬಂತು. ಮನೆಗೆ ಹೋಗಿ ಗೋಣಿ ಅಂಟಿಸಿದ. ಕೆಂಪು ನಿಜಕ್ಕೂ ಸುಮ್ಮನಾಯಿತು. ಮಾರನೆಯ ದಿನ, "ಸರಿ ಹೇಳಿದೆ ತಂಗಿ" ಎಂದು ಬರೆದ. ಶಾಂಭವಿಯ ಬ್ಲಾಗಿನ ಹೆಸರು 'ಅಂಟು ನಂಟು'. ಹಳೆ ಸೀರೆಯ ಸೆರಗು, ಲಗ್ನಪತ್ರಿಕೆಯ ಚಿನ್ನದ ಅಕ್ಷರ, ಕಾವೇರಿಯ ಮರಳು ಸೇರಿಸಿ ಮಾಡಿದ ಚಿತ್ರಗಳು. ಅದರ ತುಂಟ ಮಾತುಗಳನ್ನು ಓದಿ, ಯಾರೋ ಕಾಲೇಜು ಹುಡುಗಿಯೇ ಇರಬೇಕೆಂದು ಅವನು ತೀರ್ಮಾನಿಸಿದ್ದ.

ಮೂರನೆಯವಳು ಅನು, ಎನ್. ಬೇಗೂರು ಎಂಬ ಹಳ್ಳಿಯವಳು. ಕಾಲೇಜಿಗೆಂದು ಎಚ್.ಡಿ. ಕೋಟೆಗೆ ಬಂದಾಗ ಅಲ್ಲಿನ ಸೈಬರಿನಲ್ಲಿ ಕೂತು ತನ್ನದೂ ಒಂದು ಬ್ಲಾಗು ಬರೆಯುತ್ತಿದ್ದಳು. ತೇಗದೆಲೆಯ ನರಗಳನ್ನು ಬಿಡಿಸಿ, ಕೇರಳದ ಗಡಿಯ ಬಾವಲಿ ಕಡೆಯಿಂದ ಬರುವ ಮಲಯಾಳಂ ಲಾಟರಿ ಟಿಕೆಟ್ಟುಗಳ ಮೇಲೆ ಕೂರಿಸುತ್ತಿದ್ದಳು. "ನಮ್ಮ ಕೆಲಸಕ್ಕೆ ಮಿಶ್ರಮಾಧ್ಯಮ ಅಂತ ಹೆಸರಿದೆಯಂತೆ, ನಾವು ಕಸ ಆಯುವವರಲ್ಲ" ಎಂದು ಶಾಂಭವಿ ಬರೆದಾಗ ಅನು, "ಹಾಗಂತ ನಮ್ಮವ್ವನಿಗೆ ಒಂಚೂರು ಹೇಳಿ" ಎಂದು ಉತ್ತರಿಸಿದ್ದಳು.

ಆಮೇಲೆ ಅಂಚೆಯಲ್ಲಿ ಕವರುಗಳು ಓಡಾಡತೊಡಗಿದವು. ಹುಣಸೂರಿನ ಪೋಸ್ಟರ್ ಚೂರು ಸಾಲಿಗ್ರಾಮಕ್ಕೆ, ಸಾಲಿಗ್ರಾಮದ ಜರಿ ಬೇಗೂರಿಗೆ, ಬೇಗೂರಿನ ಎಲೆ ಹುಣಸೂರಿಗೆ. ಪೋಸ್ಟ್‌ಮ್ಯಾನು ಕವರನ್ನು ಕಿವಿಯ ಹತ್ತಿರ ಅಲ್ಲಾಡಿಸಿ, "ಏನ್ ಬೀಜ ತರಿಸ್ತೀರಿ?" ಎಂದು ಕೇಳುತ್ತಿದ್ದ. ಮೂವರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಮುಂದಿನ ವರ್ಷ ಮಳೆಗಾಲಕ್ಕೆ ಮುಂಚೆ, ಬೆಟ್ಟದಪುರದ ಹತ್ತಿರ ಒಂದು ಗೋಡೆಗೆ ಗೊಬ್ಬರದ ಜಾಹೀರಾತು ಬರೆಯುತ್ತಿದ್ದಾಗ ಏಣಿ ಜಾರಿತು. ಉಮಾಶಂಕರನ ಬಲಗೈ ಮಣಿಕಟ್ಟು ಮುರಿಯಿತು. ಮೂಳೆ ಕೂಡಿದರೂ ಬೆರಳುಗಳಲ್ಲಿ ಮೊದಲಿನ ಹಿಡಿತ ಬರುವುದು ಕಷ್ಟ ಎಂದು ಡಾಕ್ಟರು ಹೇಳಿದರು. ಅವನು ಬ್ರಷ್ಷುಗಳನ್ನೆಲ್ಲಾ ಅಟ್ಟದ ಮೇಲೆ ಹಾಕಿಸಿ, ಗೋಡೆಗೆ ಮುಖಮಾಡಿ ಮಲಗಿದ. ಸೈಬರಿನ ಕಡೆ ತಲೆ ಹಾಕಲಿಲ್ಲ.

'ಗೋಡೆ ಬರಹ'ದಲ್ಲಿ "ಎಲ್ಲಿದ್ದೀರಿ?" ಎಂಬ ಕಾಮೆಂಟುಗಳು ಬೀಳುತ್ತಲೇ ಇದ್ದವು. ಕೊನೆಗೆ ಕನಕರಾಜು ಅವನನ್ನು ಕೇಳದೆಯೇ, ಬಿದ್ದದ್ದು, ಕೈ ಮುರಿದದ್ದು, ಮಾತು ಬಿಟ್ಟದ್ದು ಎಲ್ಲವನ್ನೂ ಅಲ್ಲಿ ಬರೆದುಬಿಟ್ಟ. ಮನೆಯ ದಾರಿಯನ್ನೂ ಬರೆದ.

ಆ ಭಾನುವಾರ ಬಾಗಿಲಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ತೆಳ್ಳಗಿನ ಹುಡುಗಿಯೊಬ್ಬಳು, ನರೆಗೂದಲಿನ, ದಪ್ಪ ಕನ್ನಡಕದ, ಅರವತ್ತರ ಆಸುಪಾಸಿನ ಅಮ್ಮ ಒಬ್ಬರು. ಉಮಾಶಂಕರ ಹುಡುಗಿಯ ಕಡೆ ನೋಡಿ, "ಶಾಂಭವಿಯೇನಮ್ಮ?" ಎಂದ.

"ನಾನು ಅನು ಕಣಣ್ಣ," ಎಂದಳು ಹುಡುಗಿ, ನಗು ತಡೆಯಲಾರದೆ.

"ನಾನು ನಿನ್ನ ತಂಗಿ ಕಣಪ್ಪ," ಎಂದರು ಕನ್ನಡಕದವರು. "ಮೊಮ್ಮಗ ಸ್ಕೂಲಿಗೆ ಹೋಗ್ತಾನೆ. ಈ ವಯಸ್ಸಲ್ಲಿ ತಂಗಿ ಅನ್ನೋರು ಯಾರವರೆ? ಕೇಳಕ್ಕೆ ಚೆನ್ನಾಗಿತ್ತು, ಸುಮ್ನಿದ್ದೆ."

ಎಷ್ಟೋ ದಿನದ ಮೇಲೆ ಬಸವಮ್ಮ ಗಂಡ ನಕ್ಕದ್ದನ್ನು ನೋಡಿದಳು. ಆದರೆ ಕಾಫಿ ಕುಡಿದಾದ ಮೇಲೆ ಅವನು ಬಲಗೈಯನ್ನು ಮಡಿಲಲ್ಲಿ ಇಟ್ಟುಕೊಂಡು, "ಎಲ್ಲಾ ಮುಗೀತು ಕಣಕ್ಕ. ಒಂದ್ ಗೆರೆ ಎಳೆಯಕ್ಕಾಗಲ್ಲ, ಕತ್ತರಿ ಹಿಡಿಯಕ್ಕಾಗಲ್ಲ" ಎಂದ.

ಶಾಂಭವಿ ಸಮಾಧಾನ ಹೇಳಲಿಲ್ಲ. ಚಾಪೆ ಹಾಸಿಸಿ, ಚೀಲ ಬಿಚ್ಚಿ ಸುರಿದರು. ಸೀರೆ ಚೂರು, ಪೋಸ್ಟರು, ಎಲೆ. ಒಂದು ದೊಡ್ಡ ಪೋಸ್ಟರಿನ ತುದಿಯನ್ನು ತಾವು ಹಿಡಿದು ಇನ್ನೊಂದು ತುದಿಯನ್ನು ಅವನ ಎಡಗೈಗೆ ಕೊಟ್ಟರು.

"ಎಳಿ."

"ಅಡ್ಡಾದಿಡ್ಡಿ ಹರೀತದೆ."

"ಹರೀಲಿ. ಎಳಿ ಅಂದ್ನಲ್ಲ."

ಎಳೆದ. ಕಾಗದ ಸರ್ರನೆ ಹರಿಯಿತು. ಹರಿದ ಅಂಚಿನಲ್ಲಿ ಬಣ್ಣ ಕಿತ್ತುಹೋಗಿ ಒಳಗಿನ ಬಿಳಿ ಪದರ ಅಂಕುಡೊಂಕಾಗಿ ಎದ್ದಿತ್ತು. ಜೀವಮಾನವೆಲ್ಲ ನೇರ ಗೆರೆಗೆ ಒಗ್ಗಿದ ಕಣ್ಣು ಅದನ್ನು ಒಪ್ಪಲು ಸ್ವಲ್ಪ ಹೊತ್ತು ಹಿಡಿಯಿತು. ನೋಡುತ್ತ ನೋಡುತ್ತ ಅದು ಅವನಿಗೆ ಮುಂಜಾನೆ ಲಕ್ಷ್ಮಣತೀರ್ಥ ಹೊಳೆಯ ಮೇಲೆ ಕೂರುವ ಮಂಜಿನ ಹಾಗೆ ಕಂಡಿತು. "ಇನ್ನೊಂದ್ ಕೊಡಿ" ಎಂದ.

ಮಧ್ಯಾಹ್ನವೆಲ್ಲ ಹರಿದರು, ಅಂಟಿಸಿದರು. ಅನು ಎಲೆ ಕೂರಿಸಿದಳು. ಕೆಳಗೆ ನೀಲಿ ಬೇಕು, ಬೇಡ ಎಂದು ಶಾಂಭವಿಗೂ ಉಮಾಶಂಕರನಿಗೂ ಜಗಳವೇ ಆಯಿತು. ಗೋಂದಿನ ಪಾತ್ರೆ ಹಿಡಿದು ನಿಂತಿದ್ದ ಬಸವಮ್ಮ, "ನೀಲಿ ಇರ್ಲಿ, ನೀರಿಲ್ದಿದ್ರೆ ಒಳೆ ಎಂಗಾದಾತು?" ಎಂದು ತೀರ್ಪು ಕೊಟ್ಟಳು. ಸಂಜೆ ಕನಕರಾಜು ಬಂದು ಫೋಟೋ ತೆಗೆದ. ಅವತ್ತು ಮೂರು ಬ್ಲಾಗುಗಳಲ್ಲೂ ಒಂದೇ ಚಿತ್ರ.

ಅಲ್ಲಿಂದಾಚೆಗೆ ಎರಡು ವರ್ಷ, ಬಿಡುವಾದ ಭಾನುವಾರಗಳಲ್ಲಿ ಒಮ್ಮೆ ಹುಣಸೂರು, ಒಮ್ಮೆ ಸಾಲಿಗ್ರಾಮ, ಒಮ್ಮೆ ಕೋಟೆ. ಉಮಾಶಂಕರ ಎಡಗೈಯಲ್ಲೇ ಅಂಗನವಾಡಿಗಳ ಗೋಡೆ ಮೇಲೆ ಬಟ್ಟೆ, ಕಾಗದ ಅಂಟಿಸಿ ಚಿತ್ರ ಮಾಡುವ ಕೆಲಸ ಹಿಡಿದ. ಅನುವಿಗೆ ಮೈಸೂರಿನಲ್ಲಿ ಕಲೆ ಓದುವ ಆಸೆ. ಮನೆಯಲ್ಲಿ ಬೇಡ ಎಂದಾಗ ಇವರಿಬ್ಬರೂ ಬೇಗೂರಿಗೆ ಹೋದರು. ಶಾಂಭವಿ ಹುಡುಗಿಯ ಅವ್ವನ ಜೊತೆ ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತ ಏನು ಮಾತಾಡಿದರೋ, ಎದ್ದು ಬರುವ ಹೊತ್ತಿಗೆ ಅವ್ವ ಹೂಂ ಎಂದಿದ್ದಳು.

ಅನು ಮೈಸೂರು ಸೇರಿದಳು. ಅಲ್ಲಿ ಅವಳಿಗೆ ಹೊಸ ಸ್ನೇಹಿತರು, ಹೊಸ ಕೆಲಸ. ಶಾಂಭವಿಯ ಮಂಡಿನೋವು ಹೆಚ್ಚಾಗಿ ಬಸ್ಸು ಹತ್ತುವುದು ಕಷ್ಟವಾಯಿತು. ಜನ ಬ್ಲಾಗು ಬಿಟ್ಟು ಬೇರೆ ಕಡೆ ಹೋದರು. ಕನಕರಾಜು ಸೈಬರಿನ ಕ್ಯಾಬಿನ್ನುಗಳನ್ನು ಕಿತ್ತು ಮೊಬೈಲ್ ರೀಚಾರ್ಜ್ ಅಂಗಡಿ ಮಾಡಿಕೊಂಡ. ಯಾರೂ ಯಾರ ಮೇಲೂ ಮುನಿಸಿಕೊಳ್ಳಲಿಲ್ಲ. ಭಾನುವಾರಗಳು ಮಾತ್ರ ಒಂದೊಂದಾಗಿ ತಪ್ಪಿದವು.

ಎರಡು ಸಾವಿರದ ಹನ್ನೊಂದರ ಕೊನೆಯಲ್ಲಿ ಒಂದು ಸಂಜೆ ಉಮಾಶಂಕರ ಜಗಲಿಯಲ್ಲಿ ಕೂತು, "ಆವಾಗ ಎಷ್ಟ್ ಚೆಂದಾಗಿತ್ತು ಕಣೆ" ಎಂದ.

"ಆವಾಗ ಆವಾಗ ಅಂತ ನಂಗ್ಯಾಕ್ ಯೋಳ್ತೀರಿ? ಫೋನಿಲ್ವಾ? ಆಯಮ್ಮಂಗೇ ಯೋಳಿ," ಎಂದಳು ಬಸವಮ್ಮ ಒಳಗಿನಿಂದ.

ಅವನು ಸಾಲಿಗ್ರಾಮದ ನಂಬರು ಒತ್ತಿದ. ಬಹಳ ಹೊತ್ತು ರಿಂಗಾಯಿತು. ಇಡೋಣ ಎನ್ನುವಷ್ಟರಲ್ಲಿ ಆ ಕಡೆಯಿಂದ ಏದುಸಿರಿನ ದನಿ ಬಂತು.

"ಎಲ್ಲೋಗಿದ್ದಪ್ಪ ಇಷ್ಟ್ ದಿವ್ಸ? ಸೊಸೆ ಹಳೇ ರವಿಕೆಗಳ್ನೆಲ್ಲಾ ಎಸೀತೀನಿ ಅಂತವ್ಳೆ, ಬಚ್ಚಿಟ್ಟು ಬಚ್ಚಿಟ್ಟು ಸಾಕಾಯ್ತು. ಬಸವಮ್ಮನ್ನೂ ಕರ್ಕೊಂಡ್ ಬಾ. ಆ ಅನೂಗೂ ಒಂದ್ ಮಾತ್ ಹೇಳು, ಬರ್ದೇ ಇದ್ರೆ ನಾನೇ ಮೈಸೂರಿಗೆ ಬತ್ತೀನಿ ಅನ್ನು."

"ಬತ್ತೀವಕ್ಕ," ಎಂದ ಉಮಾಶಂಕರ. ಫೋನು ಇಟ್ಟು, ಅನುವಿನ ನಂಬರು ಹುಡುಕತೊಡಗಿದ.