ಮೇಷ್ಟ್ರು ಹೊಡೆದುಹಾಕಿದ ವಾಕ್ಯ

ಬೈಬಲಿಗೆ ಸೇರದೆ ಉಳಿದ ಸುವಾರ್ತೆಗಳ ಬಗ್ಗೆ ಮೇಷ್ಟ್ರು ಬರೆದ ಸಣ್ಣ ಪುಸ್ತಕ ಎರಡನೆಯ ಸಲ ಅಚ್ಚಾಗುತ್ತಿತ್ತು. ಅದರಲ್ಲಿ ಎಲ್ಲರ ಬಾಯಲ್ಲೂ ಓಡಾಡಿದ ಪುಟ ಒಂದೇ: ನಾಲ್ಕನೆಯ ಶತಮಾನದಲ್ಲಿ ನೈಸೀಯ ಪಟ್ಟಣದಲ್ಲಿ ಸೇರಿದ ಮಹಾಸಭೆಯಲ್ಲಿ ಬಿಷಪ್ಪರು ಕೈಯೆತ್ತಿ ಮತ ಹಾಕಿ, ನಾಲ್ಕು ಸುವಾರ್ತೆಗಳನ್ನು ಉಳಿಸಿಕೊಂಡು, ಮಿಕ್ಕವನ್ನು ಅಂಗಳದಲ್ಲಿ ಸುಟ್ಟರೆಂದು ಹೇಳುವ ಪುಟ. ಚರ್ಚಿನ ಹಿರಿಯರು ಮೇಷ್ಟ್ರನ್ನು ಎಲ್ಲಿ ಕಂಡರೂ ಆ ಬೆಂಕಿಯ ಕಥೆಯನ್ನೇ ಹೇಳಿಸುತ್ತಿದ್ದರು.

ಅಚ್ಚುಕೂಟದಲ್ಲಿ ಕರಡು ತಿದ್ದುವ ಹೆಂಗಸು ಆ ಪುಟದ ಮೇಲೆ ಪೆನ್ಸಿಲ್ ಊರಿದಳು. "ಮೇಷ್ಟ್ರೇ, ಆ ಸಭೇಲಿ ಮುಂದಿನ ಸಾಲಲ್ಲೇ ಕೂತಿದ್ದೋರ ಥರ ಬರೆದಿದ್ದೀರಿ. ಎಲ್ಲಿ ಸಿಕ್ತು ಅಂತ ಮಾತ್ರ ಹಾಕಿಲ್ಲ."

ಸಂಜೆಯೊಳಗೆ ಹೇಳುತ್ತೇನೆಂದು ಮೇಷ್ಟ್ರು ಮನೆಗೆ ಬಂದು ಕಪಾಟನ್ನೆಲ್ಲ ಜಾಲಾಡಿದರು. ಒಂದು ದಪ್ಪ ಚರಿತ್ರೆಯ ಪುಸ್ತಕದಲ್ಲಿ ಆ ಸಭೆಯ ನಿರ್ಣಯಗಳೇನೋ ಸಿಕ್ಕವು. ಶಾಸ್ತ್ರಗ್ರಂಥಗಳ ಪಟ್ಟಿಯ ಮಾತೇ ಅವುಗಳಲ್ಲಿ ಇರಲಿಲ್ಲ. ಆ ನಾಲ್ಕು ಸುವಾರ್ತೆಗಳು ಅದಕ್ಕೆ ನೂರು ವರ್ಷಕ್ಕೂ ಹಿಂದೆಯೇ ಎಷ್ಟೋ ಊರುಗಳ ಆರಾಧನೆಯಲ್ಲಿ ಬೇರೂರಿದ್ದವು. ಬೆಂಕಿಯ ಕಥೆ ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದು. ಅಂಗಳವನ್ನು ಸೇರಿಸಿದವರು ತಾವೇ.

ಕೊನೆಗೆ ತಮ್ಮ ಪುಸ್ತಕದ ಹಸ್ತಪ್ರತಿಯನ್ನು ತೆಗೆದರು. ಅವರ ಗೀಚುಬರಹವನ್ನು ಶುದ್ಧವಾಗಿ ನಕಲು ಮಾಡಿಕೊಡುತ್ತಿದ್ದವಳು ಹೆಂಡತಿ. ಅವಳು ತೀರಿಕೊಂಡು ಏಳು ತಿಂಗಳಾಗಿತ್ತು. ಆ ಪುಟದಲ್ಲಿ ಅವಳು "ಸುಟ್ಟರು" ಎಂದು ಬರೆದೇ ಇರಲಿಲ್ಲ. "ಆರಾಧನೆಯಲ್ಲಿ ಓದುವುದನ್ನು ಕ್ರಮೇಣ ಬಿಟ್ಟರು" ಎಂದು ದುಂಡಗೆ ಬರೆದಿದ್ದಳು. ಅದರ ಮೇಲೆ ಮೇಷ್ಟ್ರ ಕೆಂಪು ಗೆರೆ, ಪಕ್ಕದಲ್ಲಿ ಅವರದೇ ಅಕ್ಷರ: ನಕಲು ಮಾಡುವವರು ನಕಲು ಮಾತ್ರ ಮಾಡಲಿ. ಊಟಕ್ಕೆ ಬಂದ ನೆಂಟರೆದುರೂ ಅದನ್ನೇ ಹೇಳಿ ನಗಿಸಿದ್ದರು. ಅವಳೂ ನಕ್ಕಿದ್ದಳು. ಆ ದಪ್ಪ ಪುಸ್ತಕವನ್ನು ಅವಳು ಓದಿದ್ದಳು, ಮೇಷ್ಟ್ರು ಓದಿರಲಿಲ್ಲ.

ಪ್ರಾರ್ಥನೆಗೆಂದು ಮೊಣಕಾಲೂರಿದರು. ಅರ್ಧಕ್ಕೇ ಎದ್ದು, ಹಾಳೆಯೊಂದನ್ನು ಎಳೆದುಕೊಂಡು ಬರೆಯತೊಡಗಿದರು.

ಸಂಜೆ ಅಚ್ಚುಕೂಟದಲ್ಲಿ ವಿಷಯ ತಿಳಿದ ಆ ಹೆಂಗಸು, ಸದ್ದಿಲ್ಲದೆ ಒಂದು ಸಾಲು ಬದಲಿಸಿಬಿಡೋಣ, ಯಾರ ಗಮನಕ್ಕೂ ಬರುವುದಿಲ್ಲ ಎಂದಳು. ಮೇಷ್ಟ್ರು ಒಪ್ಪಲಿಲ್ಲ. ಮೊದಲ ಪುಟದಲ್ಲೇ ಹಾಕಬೇಕೆಂದು ಒಂದು ಚೀಟಿ ಕೊಟ್ಟರು: ಬೆಂಕಿಯ ಕಥೆಗೆ ಆಧಾರವಿಲ್ಲ; ಸರಿಯಾದ ವಾಕ್ಯವನ್ನು ನನ್ನ ಹೆಂಡತಿ ಬರೆದಿದ್ದಳು; ನಾನು ಅದನ್ನು ಹೊಡೆದುಹಾಕಿ ಅವಳನ್ನು ಗೇಲಿ ಮಾಡಿದೆ.

ಕರಡು ತಿದ್ದುವವಳು ಅದನ್ನು ಎರಡು ಸಲ ಓದಿದಳು.

"ಅವರಿದ್ದಾಗ ಇದನ್ನ ಹೇಳಿದ್ರಾ, ಮೇಷ್ಟ್ರೇ?"

"ಇಲ್ಲಮ್ಮ."

ಅವಳು ತಲೆ ತಗ್ಗಿಸಿ, ಆ ಮೂರು ಸಾಲಿನಲ್ಲಿದ್ದ ಒಂದು ಕಾಗುಣಿತದ ತಪ್ಪನ್ನು ತಿದ್ದಿದಳು. ಮೇಷ್ಟ್ರು ಕೈಕಟ್ಟಿ ನಿಂತು ನೋಡಿದರು.