ಇಂಗ್ಲೆಂಡಿಗೆ ಕೇಳುವ ಪಾಠ

ಗೋಕಾಕದಿಂದ ಘಟಪ್ರಭೆಗೆ ಹೋಗುವ ರಸ್ತೆಯ ಆ ಶಾಲೆ ಜೂನ್ ತಿಂಗಳಲ್ಲಿ ಇಂಗ್ಲೆಂಡಿನ ಹಳೆಯದೊಂದು ಖಾಸಗಿ ಶಾಲೆಯ ಪಾಲುದಾರ ಶಾಲೆಯಾಯಿತು. ಆ ತಾಯಿಶಾಲೆಗೆ ದುಬೈಯಲ್ಲೊಂದು, ಮಲೇಶಿಯಾದಲ್ಲೊಂದು ಮರಿ ಆಗಲೇ ಇದ್ದವು, ಇದು ಮೂರನೆಯದು. ಗೇಟಿಗೆ ಹೊಸ ಲಾಂಛನ ಬಂತು. ಶಿಕ್ಷಕರ ಕೋಣೆಯಲ್ಲಿ ಇಂಗ್ಲಿಷ್ ಬಿಟ್ಟು ಬೇರೇನೂ ಮಾತಾಡಬಾರದೆಂಬ ನಿಯಮವೂ ಬಂತು.

ಇದರಿಂದ ಬಾಯಿ ಹೊಲಿದಂತಾದದ್ದು ಕನ್ನಡ ಕಲಿಸುವ ಸತ್ಯಪ್ಪ ಮಾಸ್ತರರೊಬ್ಬರಿಗೇ. ಇಪ್ಪತ್ತಾರು ವರ್ಷ ಅದೇ ಕೋಣೆಯಲ್ಲಿ ಮಾತಿನ ಮಲ್ಲ ಎನಿಸಿಕೊಂಡವರು ಈಗ ಮೂಲೆಯ ಕುರ್ಚಿಯಲ್ಲಿ ಕೂತು ಡಬ್ಬಿಯ ರೊಟ್ಟಿ ಮುರಿಯುತ್ತಿದ್ದರು. ಮೊದಮೊದಲು ಒಬ್ಬಿಬ್ಬರು ನಕ್ಕು ತಲೆಯಾಡಿಸುತ್ತಿದ್ದರು. ಆಮೇಲೆ ಅದೂ ನಿಂತಿತು. ಅಷ್ಟು ಜನರ ನಡುವೆ ಒಬ್ಬಂಟಿಯಾಗುವುದು ಎಂಥ ಸಂಕಟವೆಂದು ಅವರಿಗೆ ಐವತ್ತೈದನೇ ವಯಸ್ಸಿಗೆ ಗೊತ್ತಾಯಿತು.

ಅಷ್ಟರಲ್ಲಿ ಪ್ರತಿ ತರಗತಿಯ ಹಿಂದಿನ ಗೋಡೆಗೆ ಕ್ಯಾಮೆರಾ ಹಾಕಿದರು. ಇಂಗ್ಲೆಂಡಿನ ಮೇಡಮ್ ಒಬ್ಬರು ಪಾಠ ನೋಡಿ, ತಿಂಗಳಿಗೊಮ್ಮೆ ಶಿಕ್ಷಕರಿಗೆ ಪತ್ರ ಬರೆಯುತ್ತಾರಂತೆ: ಎರಡು ಮೆಚ್ಚುಗೆ, ಒಂದು ಸಲಹೆ. ಉಳಿದವರಿಗೆ ಅದು ತಲೆನೋವು. ಮಾಸ್ತರರಿಗೆ ಮಾತ್ರ ಹೋದ ಜೀವ ಬಂದಂತಾಯಿತು. ಯಾರೋ ಒಬ್ಬರು ಕೇಳುತ್ತಾರಲ್ಲ! ಆ ಹೆಣ್ಣುಮಗಳಿಗೆ ಕನ್ನಡ ಎಲ್ಲಿಂದ ಬರಬೇಕು ಎಂದು ನೀವು ಕೇಳಬಹುದು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ.

ಅಂಗಿಗೆ ಇಸ್ತ್ರಿ ಬಿತ್ತು, ದನಿ ಏರಿತು. ಮಣ್ಣೆತ್ತಿನ ಅಮಾವಾಸ್ಯೆಯ ಪಾಠಕ್ಕೆಂದು ಮಸಗುಪ್ಪಿಯಿಂದ ಮಣ್ಣಿನ ಜೋಡೆತ್ತು ತಂದು, ಎರಡೂ ಕೈಯಲ್ಲಿ ಎತ್ತರಕ್ಕೆ ಹಿಡಿದು ಕ್ಯಾಮೆರಾಕ್ಕೆ ತೋರಿಸಿದರು. ತುಕ್ಕಾನಟ್ಟಿಯ ಮನೆಯಲ್ಲಿ ಹೆಂಡತಿ ಸುಂದ್ರವ್ವನಿಗೆ, "ಇಂಗ್ಲೆಂಡಿನ್ಯಾಗ ನನ್ನ ಪಾಠ ಕೇಳತಾರ" ಎಂದು ಹೇಳಿಯೂ ಬಿಟ್ಟರು.

ಪತ್ರ ಮಾತ್ರ ಬರಲಿಲ್ಲ. ಗಣಿತದ ಅರ್ಚನಾಗೆ ಬಂತು, ವಿಜ್ಞಾನದ ಶಿವಾನಂದನಿಗೆ ಬಂತು. ದೀಪಾವಳಿ ದಾಟಿದ ಮೇಲೆ ಮಾಸ್ತರರು ಸಂಕೋಚ ಬಿಟ್ಟು ಕಂಪ್ಯೂಟರ್ ಕೋಣೆಗೆ ಹೋದರು. ಕ್ಯಾಮೆರಾ ನೋಡಿಕೊಳ್ಳುವ ಶಿವಕುಮಾರ ಅವರ ಹಳೆಯ ವಿದ್ಯಾರ್ಥಿ; ಕಂಡೊಡನೆ ಎದ್ದು ನಿಂತ.

"ಶಿವಕುಮಾರ, ನನ್ನ ಪತ್ರ ಎಲ್ಲೆರ ತಪ್ಪಿ ಹೋಗೇತೇನಪಾ, ನೋಡು."

"ಸರ್, ಕನ್ನಡ ತಾಸಿಗೆ ಕ್ಯಾಮೆರಾ ಬಂದ್ ಇರತೈತ್ರಿ. ಅವರ ಸಿಲೆಬಸ್ಸಿಂದಷ್ಟ ಕಳಸ್ರಿ ಅಂದಾರ. ಕನ್ನಡ ಅವರು ಕೇಳಿಲ್ರಿ."

"ಮೊದಲಿಂದನೂ?"

"ಮೊದಲಿಂದನೂ ರಿ."

"ಆತು ಬಿಡು" ಎಂದು ಮಾಸ್ತರರು ಹೊರಬಿದ್ದರು. ಸಿಟ್ಟು ಬರಲಿಲ್ಲ, ನಾಚಿಕೆ ಬಂತು. ಐದು ತಿಂಗಳು ಇಲ್ಲದವಳೊಬ್ಬಳ ಜೊತೆ ಮಾತಾಡಿದ್ದರು.

ಮರುದಿನ ಆರನೇ ತರಗತಿಯಲ್ಲಿ ರೂಢಿಯಂತೆ ಕಣ್ಣು ಗೋಡೆಗೇ ಏರಿತು. ಒತ್ತಾಯದಿಂದ ಕೆಳಗಿಳಿಸಿದರು. ಅಲ್ಲಿ ಹದಿನಾಲ್ಕು ಮಕ್ಕಳಿದ್ದವು. ಎರಡನೇ ಬೆಂಚಿನ ಹುಡುಗಿಯನ್ನು ಓದಲು ಎಬ್ಬಿಸಬೇಕೆಂದರೆ ಹೆಸರೇ ನೆನಪಾಗಲಿಲ್ಲ. ನೆನಪಾಗುವುದೆಲ್ಲಿಂದ, ಕೇಳಿರಲೇ ಇಲ್ಲ.

"ನಿನ್ನ ಹೆಸರೇನವಾ?"

"ದೀಪಾ ರಿ ಸರ್." ಹುಡುಗಿ ಎದ್ದು ನಿಂತು ಅವರ ಮುಖವನ್ನೇ ನೋಡಿದಳು. "ಇವತ್ತ ನಮಗ ಹೇಳತೀರೇನ್ರಿ?"

"ಮತ್ತ ಇಷ್ಟ ದಿನ ಯಾರಿಗೆ ಹೇಳತಿದ್ದೆ?"

"ಗೊತ್ತಿಲ್ರಿ. ಹಿಂದ ಯಾರರ ಬಂದು ಕುಂತಾರೇನೋ ಅಂತ ನಾವು ಹೊಳ್ಳಿ ಹೊಳ್ಳಿ ನೋಡತಿದ್ವಿ. ಯಾರೂ ಇರತಿರಲಿಲ್ರಿ."